ಭಾವ ಹೀರೋ ಆದ ಭಾನುವಾರ

ಬಾಮೈದ ಮೂರು ದಿನ ಎದುರು ಕೂರಿಸಿಕೊಂಡು, ಅಡಿಯಿಂದ ಮುಡಿಯವರೆಗೆ ಬಿಡದೆ ಫೋಟೋ ತೆಗೆದರೆ ಎಂಥವನಿಗೂ ತಲೆ ತಿರುಗುತ್ತದೆ. ನಮ್ಮ ಲಿಫ್ಟ್ ಮೆಕ್ಯಾನಿಕ್‌ಗೂ ತಿರುಗಿತು, ತಪ್ಪೇನು? ಬಾಮೈದ ವಿಡಿಯೋ ಗೇಮ್ ಮಾಡುವವನು. "ಭಾವ, ಈ ಗೇಮ್‌ಗೆ ನೀವೇ ಹೀರೋ" ಅಂದಿದ್ದ. ಸರಿ, ಮಾರನೆಯ ದಿನ ವರ್ಕ್‌ಶಾಪಿನಲ್ಲಿ ಈ ಸುದ್ದಿ ಕೇಳದೆ ಉಳಿದದ್ದು ಗೋಡೆಗಳು ಮಾತ್ರ.

ಗೇಮ್ ಬಿಡುಗಡೆಯಾದ ಭಾನುವಾರ ವರ್ಕ್‌ಶಾಪಿಗೆ ವರ್ಕ್‌ಶಾಪೇ ಮನೆಗೆ ಬಂತು. ಮುಂದಿನ ಕುರ್ಚಿಯಲ್ಲಿ ಮೇಸ್ತ್ರಿ. ಪಕ್ಕದಲ್ಲಿ, ಎಷ್ಟು ತೊಳೆದರೂ ಕೈ ಕಪ್ಪಾಗಿಯೇ ಇರುವುದರಿಂದ ಎಲ್ಲರೂ 'ಗ್ರೀಸು' ಎಂದೇ ಕರೆಯುವ ಹುಡುಗ. ಹಿಂದೆ ಉಳಿದ ಐವರು. ಬಾಮೈದ ಟಿವಿ ಮುಂದೆ ನಿಂತು ಕಥೆ ಹೇಳಿದ: "ನಿಜವಾಗಿ ಯುದ್ಧ ಗೆದ್ದೋರು ಇದರಲ್ಲಿ ಸೋತಿದಾರೆ. ಇಪ್ಪತ್ತು ವರ್ಷ ಆಗಿದೆ, ಊರು ಶತ್ರುಗಳ ಕೈಲಿದೆ."

ಆಟ ಶುರುವಾಯಿತು. ಅಬ್ಬಾ, ಏನು ಊರು ಅದು! ಬೀದಿಯ ಬೋರ್ಡುಗಳ ಮೇಲೆಲ್ಲ ಶತ್ರುಗಳ ಲಿಪಿ. ಶಾಲೆಯ ಮಕ್ಕಳ ಬಾಯಲ್ಲಿ ಅವರದೇ ಹಾಡು. ಬೇಕರಿಯವಳು ಹಳೆಯ ಬಾವುಟವನ್ನು ಹಿಟ್ಟಿನ ಡಬ್ಬಿಯೊಳಗೆ ಬಚ್ಚಿಟ್ಟಿದ್ದಾಳೆ. ಮೇಸ್ತ್ರಿಯೇ "ಭಲೇ" ಅಂದರು.

ಆದರೆ ಶತ್ರು ಸೈನಿಕರು ಮಾತ್ರ ಶುದ್ಧ ಪೆದ್ದರು. ಒಬ್ಬ ಗುಂಡು ತಿಂದು ಬಿದ್ದ ಬಾಗಿಲಲ್ಲೇ ಇನ್ನೊಬ್ಬ ಬಂದು ನಿಲ್ಲುತ್ತಿದ್ದ.

"ಇವ್ರು ಯುದ್ಧ ಗೆದ್ದಿದ್ದಾದ್ರೂ ಹೇಗೋ?" ಎಂದ ಗ್ರೀಸು.

ಅಷ್ಟರಲ್ಲಿ ಆಟದೊಳಗೊಂದು ಲಿಫ್ಟು ಬಂತು. ಲಿಫ್ಟು ಇನ್ನೂ ಕೆಳಗಿದೆ, ಬಾಗಿಲು ಆಗಲೇ ತೆರೆದುಕೊಂಡಿದೆ! ಮುನ್ನೂರು ಜನ ಗುಂಡೇಟಿಗೆ ಸತ್ತಾಗ ಹಾಯಾಗಿ ಟೀ ಕುಡಿಯುತ್ತಿದ್ದ ಏಳು ಜನವೂ ಧಡಕ್ಕನೆ ಎದ್ದು ನಿಂತರು. "ಯಾರಾದ್ರೂ ಬಿದ್ದು ಸತ್ರೆ ಏನ್ ಗತಿ?" ಎಂದು ಮೇಸ್ತ್ರಿ ಗದರಿದರು. ಬಾಮೈದ ತೆಪ್ಪಗೆ ಬರೆದುಕೊಂಡ.

ಅವರನ್ನು ಕೂರಿಸುವಷ್ಟರಲ್ಲಿ ಸಾಕುಸಾಕಾಯಿತು. ಕೂತ ಮೇಲೆ ಮೇಸ್ತ್ರಿ ಕೇಳಿದರು, "ಅದೆಲ್ಲಾ ಇರ್ಲಿ, ನೀನೆಲ್ಲಪ್ಪಾ ಹೀರೋ?"

ಮೆಕ್ಯಾನಿಕ್ ಕೂಡ ಅದನ್ನೇ ಹುಡುಕುತ್ತಿದ್ದ. ಪರದೆಯ ಮೇಲೆ ಒಂದು ಬಂದೂಕು, ಎರಡು ಕೈ. ಅಷ್ಟೆ.

"ಇದು ಹೀರೋ ಕಣ್ಣಿಂದಲೇ ನೋಡೋ ಆಟ," ಎಂದ ಬಾಮೈದ. "ಅವನ ಮುಖ ಅವನಿಗೆ ಹೇಗೆ ಕಾಣತ್ತೆ ಭಾವ?"

"ಕನ್ನಡೀಲಾದ್ರೂ?"

"ಕನ್ನಡಿ ಮಾಡೋಕೆ ಟೈಮ್ ಸಿಗ್ಲಿಲ್ಲ."

ನಗು ಅಂದರೆ ನಗು! ಗ್ರೀಸು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತ. ಮೆಕ್ಯಾನಿಕ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಳೆ ವರ್ಕ್‌ಶಾಪಿಗೆ ಹೇಗೆ ಕಾಲಿಡುವುದು? ಇನ್ನು ಬದುಕಿರುವಷ್ಟು ಕಾಲ ಇವರು ತನ್ನನ್ನು ಹೀರೋ ಎಂದೇ ಕರೆಯುತ್ತಾರೆ. "ನಕ್ಕಿದ್ದು ಸಾಕು, ಟೀ ಆರತ್ತೆ" ಎಂದು ಹೆಂಡತಿ ಗದರಿದಳು. ಯಾರು ಕೇಳುತ್ತಾರೆ?

ಪರದೆಯಲ್ಲಿ ಹೀರೋ ಬಂದೂಕಿಗೆ ಗುಂಡು ತುಂಬತೊಡಗಿದ. ನೆಲದಲ್ಲಿ ಕೂತಿದ್ದ ಗ್ರೀಸು ತಟ್ಟನೆ ನಗು ನಿಲ್ಲಿಸಿದ.

"ಏಯ್, ನಿಲ್ಸು! ಇದು ನಮ್ಮಣ್ಣನ ಹೆಬ್ಬೆರಳಲ್ವಾ?"

ಬಾಮೈದ ಚಿತ್ರ ನಿಲ್ಲಿಸಿ ದೊಡ್ಡದು ಮಾಡಿದ. ಎಡಗೈ ಹೆಬ್ಬೆರಳು, ತುದಿ ಚಪ್ಪಟೆ, ಉಗುರಿಲ್ಲ. ನಾಲ್ಕು ವರ್ಷದ ಹಿಂದೆ ಲಿಫ್ಟಿನ ಹಗ್ಗಕ್ಕೂ ಚಕ್ರಕ್ಕೂ ನಡುವೆ ಸಿಕ್ಕಿ ಜಜ್ಜಿಹೋದ ಬೆರಳು. ಆಫೀಸಿನ ಕಾಗದದಲ್ಲಿ 'ಕೆಲಸಗಾರನ ಅಜಾಗರೂಕತೆ' ಎಂದು ಬರೆದಿತ್ತು. ಬರೆದವರು ಮೇಸ್ತ್ರಿ. ಬಲಗೈಯಿಂದ ಸಹಿ ಹಾಕಿ, ಬಾಯಿ ಮುಚ್ಚಿಕೊಂಡಿದ್ದವನು ಮೆಕ್ಯಾನಿಕ್.

ಯಾರೂ ನಗಲಿಲ್ಲ. ಮೇಸ್ತ್ರಿ ಲೋಟ ಕೆಳಗಿಟ್ಟರು.

"ಕೈ ತೆಗ್ದಿದ್ಯೇನೋ ಅಂತ ಮೇಲಿಂದ ಒಂದು ಸಲ ಕೂಗಿ ಕೇಳ್ಬೇಕಿತ್ತು. ಕೇಳ್ಲಿಲ್ಲ. ಬ್ರೇಕ್ ಬಿಟ್ಬಿಟ್ಟೆ, ಚಕ್ರ ತಿರುಗ್ತು," ಎಂದರು. ದೊಡ್ಡ ಗಂಟಲಿನ ಮನುಷ್ಯನ ದನಿ ಪಾತಾಳಕ್ಕಿಳಿದಿತ್ತು. "ಇವನದೇನೂ ತಪ್ಪಿಲ್ಲ ಕಣ್ರೋ. ತಪ್ಪು ನಂದು."

ಈ ಮಾತಿಗಾಗಿ ಮೆಕ್ಯಾನಿಕ್ ಎಷ್ಟು ಕಾದಿದ್ದ! ಕಾದು ಕಾದು ಕೈಬಿಟ್ಟೂ ಆಗಿತ್ತು. ಹೆಂಡತಿ ಬಂದು ಅವನ ಕುರ್ಚಿಯ ಹಿಂದೆ ನಿಂತಳು.

"ಆ ಕಾಗದ ನಾಳೆನೇ ತಿದ್ದಿಸ್ತೀನಿ," ಎಂದರು ಮೇಸ್ತ್ರಿ. "ಇವ್ರೆಲ್ಲಾ ಸಾಕ್ಷಿ."

'ಹೋಗ್ಲಿ ಬಿಡಿ ಮೇಸ್ತ್ರಿ' ಎನ್ನುವ ಮಾತು ಅಭ್ಯಾಸಬಲದಿಂದ ಮೆಕ್ಯಾನಿಕ್‌ನ ನಾಲಿಗೆಯ ತುದಿಗೆ ಬಂತು. ಅವನು ಅದನ್ನು ನುಂಗಿಕೊಂಡ.

"ತಿದ್ದಿಸಿ ಮೇಸ್ತ್ರಿ," ಅಂದ. "ನಾನೂ ಜೊತೇಲಿ ಬರ್ತೀನಿ."