ಹೇಳಬಾರದ ಎಂಟು ಅಂಕಿ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ರಿಪೋರ್ಟಕ್ಕ ಎಂದೇ ಕರೆಯುತ್ತಿದ್ದರು. ರಕ್ತವೋ, ಕಫವೋ, ಗಡ್ಡೆಯ ಚೂರೋ, ಯಾವ ಪರೀಕ್ಷೆಯ ರಿಪೋರ್ಟಾದರೂ ಅವಳ ಮೇಜಿನಿಂದಲೇ ಹೊರಡಬೇಕು. ಪ್ರತಿ ಫೈಲಿಗೂ ಪಾಸ್‌ವರ್ಡ್ ಹಾಕಿ ರೋಗಿಯ ಫೋನಿಗೆ ಕಳಿಸುವುದು ಅವಳ ಕೆಲಸ. ಪಾಸ್‌ವರ್ಡ್ ಎಂದರೆ ರೋಗಿಯ ಹುಟ್ಟಿದ ದಿನಾಂಕ, ಒಟ್ಟು ಎಂಟು ಅಂಕಿ. ಅದನ್ನು ಫೋನಿನಲ್ಲಿ ಯಾರಿಗೂ ಹೇಳಕೂಡದು. ಗೊತ್ತಿಲ್ಲದವರು ಕೌಂಟರಿಗೆ ಬಂದು ಗುರುತಿನ ಚೀಟಿ ತೋರಿಸಬೇಕು.

ಈ ಕಟ್ಟುನಿಟ್ಟು ಶುರುವಾದದ್ದೇ ಅವಳ ತಪ್ಪಿನಿಂದ. ಎರಡು ತಿಂಗಳ ಹಿಂದೆ ಒಬ್ಬ ಹೆಂಗಸು ಫೋನ್ ಮಾಡಿ, "ನಮ್ಮ ಸೊಸೆ ರಿಪೋರ್ಟು ಓಪನ್ ಆಗ್ತಿಲ್ಲ, ಆ ನಂಬರ್ ಸ್ವಲ್ಪ ಹೇಳಮ್ಮ" ಎಂದಾಗ ಇವಳು ಹೇಳಿಬಿಟ್ಟಿದ್ದಳು. ಮರುದಿನ ಸೊಸೆಯೇ ಬಂದಳು. ಕೂಗಾಡಲಿಲ್ಲ. "ಎರಡು ಸಲ ಹೊಟ್ಟೇಲಿ ನಿಂತಿರಲಿಲ್ಲ ಅಕ್ಕ. ಈ ಸಲ ನಾಲ್ಕು ತಿಂಗಳು ತುಂಬೋವರೆಗೂ ಯಾರಿಗೂ ಹೇಳಬಾರದು ಅಂತಿದ್ದೆ. ಈಗ ಮನೆ ತುಂಬಾ ಅದೇ ಮಾತು," ಎಂದಷ್ಟೇ ಹೇಳಿ ಹೋದಳು. ಅಂದಿನಿಂದ ರಿಪೋರ್ಟಕ್ಕನ ಬಾಯಿಗೂ ಬೀಗ ಬಿದ್ದಿತ್ತು.

ಒಂದು ಗುರುವಾರ ಮಧ್ಯಾಹ್ನ ಎರಡೂವರೆಗೆ ಒಬ್ಬ ದರ್ಜಿ ಹೆಂಗಸಿನ ಫೋನ್ ಬಂತು. ತಾಯಿಯ ಎದೆಯಲ್ಲಿದ್ದ ಗಡ್ಡೆಯ ರಿಪೋರ್ಟು ತೆರೆಯುತ್ತಿಲ್ಲ. ಊರಿನ ಆಚೆ ತುದಿಯ ಆಸ್ಪತ್ರೆಯಲ್ಲಿ ತಾಯಿಯನ್ನು ಕೂರಿಸಿಕೊಂಡು ಕಾಯುತ್ತಿದ್ದಾಳೆ. ನಾಲ್ಕಕ್ಕೆ ಸರ್ಜನ್ ಹೊರಟುಬಿಡುತ್ತಾರೆ, ಆಮೇಲೆ ಹದಿನೈದು ದಿನ ಊರಲ್ಲಿರುವುದಿಲ್ಲ.

"ಅಮ್ಮನ ಕಾರ್ಡಲ್ಲಿರೋ ದಿನಾಂಕನೇ ಹಾಕ್ದೆ ಮೇಡಂ. ತಪ್ಪು ಅಂತಿದೆ."

"ಯಾವುದು ಹಾಕಿದ್ರಿ?"

ಅವಳು ಹೇಳಿದಳು. ರಿಪೋರ್ಟಕ್ಕನ ಪರದೆಯ ಮೇಲೆ ಬೇರೆಯದೇ ದಿನಾಂಕವಿತ್ತು.

"ಅದಲ್ಲಮ್ಮ."

"ಮತ್ತೆ ಯಾವುದು?"

"ನಾನು ಹೇಳೋ ಹಾಗಿಲ್ಲ. ನೀವೇ ಹೇಳಬೇಕು."

"ಗೊತ್ತಿದ್ರೆ ನಿಮಗ್ಯಾಕೆ ಫೋನ್ ಮಾಡ್ತಿದ್ದೆ?"

ಆ ಕಡೆ ಮಗಳು ತಾಯಿಯನ್ನು ಕೇಳುವುದು, ತಾಯಿ ನಿಧಾನವಾಗಿ ಏನೋ ಹೇಳುವುದು ಕೇಳಿಸಿತು.

"ದೊಡ್ಡ ಸೇತುವೆ ಕಟ್ಟಿದ ವರ್ಷ ಹುಟ್ಟಿದ್ದಂತೆ ಮೇಡಂ. ಸೇತುವೆ ಅಂತ ಹಾಕ್ಲಾ?"

ಮತ್ತೆರಡು ಸಲ ಫೋನ್ ಬಂತು. ಮಗಳು ತಾಯಿಯ ಮದುವೆಯ ದಿನ ಹಾಕಿ ನೋಡಿದ್ದಳು, ತನ್ನದೇ ಹುಟ್ಟಿದ ದಿನವನ್ನೂ ಹಾಕಿ ನೋಡಿದ್ದಳು. ಉತ್ತರ ಕಣ್ಣೆದುರಿಗಿದ್ದೂ "ಅದಲ್ಲ, ಅದೂ ಅಲ್ಲ" ಎನ್ನುತ್ತಲೇ ಇರಬೇಕಾಯಿತು ರಿಪೋರ್ಟಕ್ಕ. ಪಾಸ್‌ವರ್ಡ್ ತೆಗೆದು ಕಳಿಸೋಣವೆಂದರೆ ಅದಕ್ಕೆ ಲ್ಯಾಬಿನ ಡಾಕ್ಟರ ಒಪ್ಪಿಗೆ ಬೇಕು. ಅವರು ವಿಮಾನದಲ್ಲಿದ್ದರು, ಫೋನ್ ಬಂದ್ ಆಗಿತ್ತು.

"ಯಾವ ಜನ್ಮದ ಸೇಡು ತೀರಿಸ್ಕೊಳ್ತಿದ್ದೀರಿ ನಮ್ಮ ಮೇಲೆ?" ಎಂದು ಕೇಳಿ ಮಗಳು ಫೋನಿಟ್ಟಳು.

ರಿಪೋರ್ಟಕ್ಕ ಎದ್ದು ಬಾಗಿಲ ಬಳಿಯ ಮೇಜಿಗೆ ಹೋದಳು. ಅಲ್ಲಿ ಬಂದವರ ಹೆಸರು, ವಯಸ್ಸು ಬರೆದುಕೊಂಡು ಚೀಟಿ ಕೊಡುವವನು ಚೀಟಿಮಾಮ. ಇನ್ನೊಂದು ವರ್ಷಕ್ಕೆ ನಿವೃತ್ತಿ.

"ಮಾಮ, ಈ ಅಜ್ಜಿ ದಿನಾಂಕ ನಿಮಗೆ ಯಾರು ಹೇಳಿದ್ದು?"

ಅವನು ಕನ್ನಡಕ ಹಣೆಗೇರಿಸಿ ನೋಡಿದ. "ಇದಾ? ಇದು ನನ್ನದು ಕಣಮ್ಮ."

"ನಿಮ್ಮದಾ?"

"ಅವತ್ತು ಕಾರ್ಡು ತಂದಿರಲಿಲ್ಲ, ದಿನ ಗೊತ್ತಿಲ್ಲ ಅಂದ್ರು. ಖಾಲಿ ಬಿಟ್ರೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ. ವಯಸ್ಸು ಕೇಳಿ ವರ್ಷ ಹಾಕ್ದೆ. ದಿನ, ತಿಂಗಳು ನನ್ನದೇ ಹಾಕ್ದೆ. ದಿನ ಗೊತ್ತಿಲ್ಲದ ಮುದುಕರಿಗೆಲ್ಲ ಹಾಗೇ ಹಾಕೋದು. ಯಾರ ಗಂಟು ಹೋಯ್ತು?"

ಅವಳ ಮೈಯೆಲ್ಲ ಉರಿದುಹೋಯಿತು. ಬೈಸಿಕೊಂಡು, ಶಾಪ ಹಾಕಿಸಿಕೊಂಡು ತಾನು ಕಾಪಾಡಿದ ಗುಟ್ಟು ಚೀಟಿಮಾಮನ ಹುಟ್ಟಿದ ದಿನ!

ಗಂಟೆ ಮೂರು ಹತ್ತು. ಹೇಳಿಯೇ ಬಿಡೋಣವೆಂದು ಫೋನ್ ಎತ್ತಿಕೊಂಡಳು. ಆ ಸೊಸೆಯ ಮುಖ ಕಣ್ಣಿಗೆ ಕಟ್ಟಿತು. ಆ ಕಡೆಯಿಂದ ಮಾತಾಡಿದವಳು ಮಗಳೇ ಎಂದು ತನಗೆ ಹೇಗೆ ಗೊತ್ತು? ಫೋನ್ ಕೆಳಗಿಟ್ಟು ರಿಪೋರ್ಟನ್ನು ಕಾಗದದ ಮೇಲೆ ಪ್ರಿಂಟ್ ತೆಗೆದಳು, ಲಕೋಟೆಗೆ ಹಾಕಿ ಅಂಟಿಸಿದಳು. "ಮಾಮ, ಕೌಂಟರ್ ನೋಡ್ಕೊಳ್ಳಿ" ಎಂದವಳೇ ಬೀದಿಗಿಳಿದು ಟ್ಯಾಕ್ಸಿ ಹತ್ತಿದಳು.

ದಾರಿಯುದ್ದಕ್ಕೂ ಗಾಡಿಗಳು ಇರುವೆ ಸಾಲಿನಂತೆ ತೆವಳುತ್ತಿದ್ದವು. ಆಸ್ಪತ್ರೆ ಮುಟ್ಟಿದಾಗ ನಾಲ್ಕು ದಾಟಿತ್ತು. ಲಿಫ್ಟಿನ ಮುಂದೆ ಒಬ್ಬ ಹೆಂಗಸು ಸರ್ಜನ್‌ಗೆ ಅಡ್ಡ ನಿಂತು ಕೈಮುಗಿಯುತ್ತಿದ್ದಳು. ಕತ್ತಿನಲ್ಲಿ ಇನ್ನೂ ಅಳತೆಯ ಟೇಪು ನೇತಾಡುತ್ತಿತ್ತು. ಪಕ್ಕದ ಬೆಂಚಿನಲ್ಲಿ ತಾಯಿ. ರಿಪೋರ್ಟಕ್ಕ ಮೊದಲು ತಾಯಿಯ ಕಾರ್ಡು ಕೇಳಿ ಹೆಸರು ನೋಡಿಕೊಂಡಳು, ಆಮೇಲೆಯೇ ಲಕೋಟೆ ಕೊಟ್ಟದ್ದು. ಮಗಳು ಅದನ್ನು ಕಿತ್ತುಕೊಂಡಳು.

ಸರ್ಜನ್ ನಿಂತಲ್ಲೇ ಓದಿದರು. "ಕೆಟ್ಟ ಗಡ್ಡೆನೇ. ಆದ್ರೆ ಬೇಗ ಸಿಕ್ಕಿದೆ. ನಾನು ಬರೋವರೆಗೂ ಕಾಯೋದು ಬೇಡ, ಸೋಮವಾರ ನಮ್ಮ ಇನ್ನೊಬ್ಬ ಡಾಕ್ಟರ್ ತೆಗೀತಾರೆ," ಎಂದು ಅಲ್ಲಿಂದಲೇ ಫೋನ್ ಮಾಡಿ ದಿನ ಗೊತ್ತುಮಾಡಿದರು.

ಅವರು ಹೋದ ಮೇಲೆ ಮಗಳು ತಿರುಗಿದಳು. "ಎಂಟು ಅಂಕಿ ಹೇಳೋಕೆ ನಿಮಗೆ ಇಷ್ಟು ಕಷ್ಟವಾಯ್ತಾ?"

ರಿಪೋರ್ಟಕ್ಕ ಮುಖದ ಬೆವರು ಒರೆಸಿಕೊಂಡಳು.

"ಸುಮ್ನಿರೇ, ಓಡಿ ಬಂದಿದ್ದಾಳೆ," ಎಂದು ತಾಯಿ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟಳು. "ಕೂತ್ಕೋ ಮಗಳೇ, ಸುಧಾರಿಸ್ಕೋ."

ಮರುದಿನ ಲ್ಯಾಬಿನ ಡಾಕ್ಟರು ಅವಳನ್ನು ಒಳಗೆ ಕರೆದು, ಕೌಂಟರ್ ಬಿಟ್ಟು ಹೋದದ್ದಕ್ಕೆ, ರಿಪೋರ್ಟು ಹೊರಗೆ ಒಯ್ದದ್ದಕ್ಕೆ ಎಚ್ಚರಿಕೆಯ ಪತ್ರ ಕೊಟ್ಟರು.

"ಸರ್, ದಿನಾಂಕಗಳೇ ಸುಳ್ಳು. ಮೊದಲು ಅದನ್ನ ಸರಿಮಾಡಿಸಿ."

"ನೋಡೋಣ ನೋಡೋಣ, ಈಗ ಕೆಲಸ ನೋಡ್ಕೋ."

ಅವಳು ಪತ್ರವನ್ನು ಡ್ರಾಯರಿಗೆ ತುರುಕಿ, ಚೀಟಿಮಾಮನ ದಿನದಂದೇ ಹುಟ್ಟಿದವರ ಪಟ್ಟಿ ತೆಗೆದಳು. ಇನ್ನೂರ ಹನ್ನೆರಡು ಜನ! ಮೊದಲನೆಯ ನಂಬರಿಗೆ ಫೋನ್ ಮಾಡಿದಳು.

"ಅಜ್ಜ, ನೀವು ಹುಟ್ಟಿದ ದಿನಾಂಕ ಬೇಕಿತ್ತು."

"ನನ್ನ ಹುಟ್ಟು ಕಟ್ಕೊಂಡು ನಿನಗೇನಮ್ಮ? ಮೊದ್ಲು ಸಕ್ಕರೆ ಎಷ್ಟಿದೆ ಹೇಳು."

"ಫೋನಲ್ಲಿ ಹೇಳೋ ಹಾಗಿಲ್ಲ ಅಜ್ಜ."

ಅಜ್ಜ ಫೋನಿಟ್ಟರು. ಅವಳು ಹಲ್ಲು ಕಚ್ಚಿಕೊಂಡು ಎರಡನೆಯ ನಂಬರ್ ಒತ್ತಿದಳು.