ಬೆಳಗಿನವರೆಗೆ ಕಾದ ಕಿಡ್ನಿ

"ನಿದ್ದೆಗಣ್ಣಲ್ಲಿ ಕೂರಿಸಿದ ಕಿಡ್ನಿಗಳೇ ಕಣೇ ಚೆನ್ನಾಗಿ ಕೆಲಸ ಮಾಡೋದು! ಒಬ್ಬನಿಗಂತೂ ಗೊರಕೆ ಹೊಡೀತಾನೇ ಎರಡು ಕೂರಿಸಿದೆ. ಕಣ್ಬಿಟ್ಟು ನೋಡಿದ್ರೆ, ಅವನು ಎದ್ದು ಮನೆಗೇ ಹೋಗಿಬಿಟ್ಟಿದ್ದ."

ಹೀಗೆಂದು ದೊಡ್ಡ ಡಾಕ್ಟರು ಕುರ್ಚಿಯಲ್ಲಿ ಕುಸಿದರು. ನಿನ್ನೆ ರಾತ್ರಿಯಿಂದ ಅವರು ಕೂತದ್ದೇ ಇದು ಮೊದಲು. ಅವರ ಆಕಳಿಕೆಗೆ ಗೋಡೆ ಗಡಿಯಾರವೇ ಒಳಗೆ ಹೋಗಿಬಿಡುವಂತಿತ್ತು. ಹೊರಗೆ ದೀಪ ಹಚ್ಚುವ ಹೊತ್ತು.

"ಸಾಕು ಬಿಡೋ," ಎಂದರು ಅರಿವಳಿಕೆ ಕೊಡುವ ಡಾಕ್ಟರಮ್ಮ. ಓದುವಾಗಿನ ಸಲುಗೆ, ಇಡೀ ಆಸ್ಪತ್ರೆಯಲ್ಲಿ ಅವರನ್ನು 'ನೀನು' ಅನ್ನುವವರು ಆಕೆಯೊಬ್ಬರೇ. "ಕಿಡ್ನಿ ಪೆಟ್ಟಿಗೆ ಬಂದಾಯ್ತು. ಅದನ್ನ ಹಾಕಿಸ್ಕೊಳ್ಳೋ ಟೈಲರ್ ಬೆಳಗಿಂದ ಉಪವಾಸ ಮಲಗಿದ್ದಾನೆ. ಈಗಲೋ, ನಾಳೆ ಬೆಳಗ್ಗೆಯೋ?"

"ಈಗಲೇ. ಮಂಜುಗಡ್ಡೆಯಲ್ಲಿ ಇಟ್ಟಷ್ಟೂ ಕಿಡ್ನಿಯ ಕಸುವು ಇಳಿಯುತ್ತೆ."

"ನಿಂದು?"

"ನಂದಾ? ಬೆಟ್ಟ ಕಿತ್ತು ಆಚೆ ಇಡ್ಲಾ?"

ಆಕೆ ರಕ್ತನಾಳ ಹೊಲಿಯುವ, ಕೂದಲಿಗಿಂತ ಸಣ್ಣ ದಾರವನ್ನು ಕೈಗಿತ್ತು, ಖಾಲಿ ಕಾಫಿ ಕಪ್ಪನ್ನು ಮುಂದೆ ತಳ್ಳಿದರು. "ಕಪ್ಪಿನ ಹಿಡಿಗೆ ಒಂದು ಗಂಟು ಹಾಕು, ನೋಡೋಣ."

ಜಾದೂಗಾರನಂತೆ ಕೈ ಕೊಡವಿ ಅವರು ಗಂಟು ಹಾಕಿದರು. ಆಕೆ ಕಿರುಬೆರಳಿನಿಂದ ಮೆಲ್ಲನೆ ಎಳೆದರು. ಗಂಟು ಜಾರಿ ಬಿಚ್ಚಿಕೊಂಡಿತು. ಎರಡನೆಯ ಸಲ ದಾರದ ತುದಿಯೇ ಬೆರಳಿಗೆ ಸಿಗಲಿಲ್ಲ.

"ದಾರ ಸರಿ ಇಲ್ಲ," ಎಂದರು.

"ಹೂಂ," ಎಂದರು ಆಕೆ.

ಕಿಡ್ನಿ ಕೂರಿಸಬಲ್ಲ ಇನ್ನೊಬ್ಬ ಸರ್ಜನ್ ಜ್ವರ ಬಂದು ಮಲಗಿದ್ದರು. ಕಿರಿಯರು ಒಂಟಿಯಾಗಿ ಮಾಡುವಷ್ಟು ಪಳಗಿರಲಿಲ್ಲ. ದೊಡ್ಡ ಡಾಕ್ಟರು ಪೆಟ್ಟಿಗೆಯತ್ತ ನೋಡಿದರು. ತಡವಾಗಿ ಕೂರಿಸಿದ ಕಿಡ್ನಿ ಮುನಿಸಿಕೊಂಡರೆ ನಾಲ್ಕು ದಿನ ಡಯಾಲಿಸಿಸ್ ಮಾಡಿ ಒಲಿಸಿಕೊಳ್ಳಬಹುದು. ಹೊಲಿಗೆ ಬಿಟ್ಟುಕೊಂಡರೆ?

"ಬೆಳಗ್ಗೆ," ಎಂದು ಎದ್ದರು.

ಹೊರಗೆ ಟೈಲರನ ಹೆಂಡತಿ ಗಂಡನ ಅಂಗಿಯನ್ನು ಎದೆಗವಚಿ ನಿಂತಿದ್ದರು. "ಒಳಗೆ ಕರ್ಕೊಂಡು ಹೋಗ್ತೀರಾ ಡಾಕ್ಟ್ರೇ?"

"ಬೆಳಗ್ಗೆ ಕಣಮ್ಮ. ರಕ್ತದ ರಿಪೋರ್ಟ್ ಒಂದು ಬರಬೇಕು."

"ಎಲ್ಲಾ ಬಂತು ಅಂದ್ರಲ್ಲ ಸಿಸ್ಟರು?"

"ಅದಲ್ಲ... ಒಳಗಿನ ದೀಪ ಕೆಟ್ಟಿದೆ. ಸೂರ್ಯನಿಗೇ ಬೆಳಕು ಸಾಲ ಕೊಡೋ ಅಂಥ ದೀಪ, ಅದರ ರಿಪೇರಿ ಅಂದ್ರೆ..."

ಆಕೆ ಅವರನ್ನು ದಾಟಿ ಬಾಗಿಲಿನ ಗಾಜಿನತ್ತ ನೋಡಿದರು. ಒಳಗೆ ದೀಪ ಝಗಝಗ ಉರಿಯುತ್ತಿತ್ತು.

"ನಮ್ಮದನ್ನ ಬೇರೆ ಯಾರಿಗಾದ್ರೂ ಕೊಟ್ಬಿಟ್ರಾ? ಹೇಳಿಬಿಡಿ."

ದೊಡ್ಡ ಡಾಕ್ಟರು ಗೋಡೆಗೆ ಒರಗಿದರು.

"ಇಲ್ಲಮ್ಮ. ಅದು ನಿಮ್ಮ ಯಜಮಾನರದ್ದೇ. ದೀಪನೂ ಸರಿ ಇದೆ, ರಿಪೋರ್ಟೂ ಬಂದಿದೆ. ನನಗೇ ಆಗ್ತಿಲ್ಲ. ಕೈಯಲ್ಲಿ ಗಂಟು ನಿಲ್ತಿಲ್ಲ. ಬೆಳಗಿನ ತನಕ ಕಾದ್ರೆ ಕಿಡ್ನಿಗೂ ಸ್ವಲ್ಪ ನಷ್ಟ ಇದೆ. ಆದ್ರೂ... ನಾನು ನಿದ್ದೆ ಮಾಡ್ಬೇಕಮ್ಮ."

ಆಕೆ ಅವರ ಕೈಗಳನ್ನು ನೋಡಿದರು. ಆಮೇಲೆ ಬೆಂಚಿನ ಮೇಲಿದ್ದ ಚೀಲವನ್ನು ನೆಲಕ್ಕಿಳಿಸಿ, ಡಾಕ್ಟರಿಗೆ ಕೂರಲು ಜಾಗ ಮಾಡಿದರು.