ಗುಂಡಿ ಡಬ್ಬಿಯ ಬಿಳಿ ಮಾತ್ರೆಗಳು

ಅಂಗಡಿ ಬಾಗಿಲು ತೆಗೆದ ಮೇಲೆ ನನ್ನ ಮೊದಲ ಕೆಲಸ ಗುಂಡಿ ವಿಂಗಡಿಸುವುದು. ಹಿಂದಿನ ದಿನ ಮೇಜಿನ ಮೇಲೆ ಉಳಿದ ಅಂಗಿ ಗುಂಡಿಗಳನ್ನೆಲ್ಲ ತಟ್ಟೆಗೆ ಹಾಕಿಕೊಂಡು ಎರಡು ತೂತಿನವನ್ನು ಒಂದು ಕಡೆ, ನಾಲ್ಕು ತೂತಿನವನ್ನು ಒಂದು ಕಡೆ ಮಾಡುತ್ತೇನೆ. ಕೋಟಿನ ದಪ್ಪ ಗುಂಡಿಗಳಿಗೆ ಡಬ್ಬಿಯಲ್ಲಿ ಬೇರೆ ಮನೆ. ಅವತ್ತೂ ಅದನ್ನೇ ಮಾಡುತ್ತಿದ್ದೆ. ಅಮ್ಮ ಇಸ್ತ್ರಿ ಪೆಟ್ಟಿಗೆ ಕಾಯಲಿ ಎಂದು ಕೂತಿದ್ದಳು. ಅಪ್ಪ ಕತ್ತರಿ ಒರೆಸುತ್ತಿದ್ದರು.

ಅಪ್ಪ ಎದ್ದು ಬಂದು ನನ್ನ ಮುಂದಿದ್ದ ಗುಂಡಿ ಡಬ್ಬಿಗೆ ಕೈ ಹಾಕಿದರು. ಹನ್ನೆರಡು ಮನೆಗಳ ಮರದ ಡಬ್ಬಿ ಅದು. ಕೊನೆಯ ಮನೆಯಲ್ಲಿ ಗುಂಡಿ ಇರಲಿಲ್ಲ, ಅಪ್ಪನ ಮಾತ್ರೆಗಳಿದ್ದವು. ಎರಡು ಬಿಳಿ ಮಾತ್ರೆ ಎತ್ತಿ ಬಾಯಿಗೆ ಹಾಕಿಕೊಂಡು ನೀರು ಕುಡಿದರು.

ಒಂದು ಮಾತ್ರೆಯ ನಡುವೆ ಗೆರೆ ಇತ್ತು. ಇನ್ನೊಂದಕ್ಕೆ ಇರಲಿಲ್ಲ. ಗುಂಡಿ ನೋಡಿ ನೋಡಿ ನನ್ನ ಕಣ್ಣಿಗೆ ಇಂಥವು ತಾನಾಗಿ ಬೀಳುತ್ತವೆ.

“ಅಪ್ಪ, ಅವೆರಡೂ ಬೇರೆ ಬೇರೆ ಥರ ಇವೆ,” ಎಂದೆ.

“ಮೂವತ್ತು ವರ್ಷದಿಂದ ಗುಂಡಿ ಹಚ್ತಿದ್ದೀನಿ. ಯಾವುದು ಯಾವುದು ಅಂತ ನೀನು ನನಗೆ ಹೇಳಿಕೊಡ್ತೀಯಾ? ಆ ಕಾಲರ್ ಎತ್ಕೋ, ಹೊತ್ತಾಯ್ತು.”

ಕಾಲರ್ ಎತ್ತಿಕೊಂಡೆ. ಏಳನೇ ತರಗತಿಗೆ ಶಾಲೆ ಬಿಟ್ಟವಳು ಮಾತ್ರೆಯ ವಿಷಯದಲ್ಲಿ ವಾದ ಮಾಡುವುದುಂಟೇ ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಾದೆ. ಆ ಸುಮ್ಮನಾದದ್ದರ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ.

ಅಪ್ಪನಿಗೆ ಎದೆಯ ತೊಂದರೆ ಶುರುವಾಗಿ ಆರು ತಿಂಗಳಾಗಿತ್ತು. ಸುಮ್ಮನೆ ಕೂತಿದ್ದರೂ ಎದೆ ಹೊಲಿಗೆ ಮಷೀನಿನ ಹಾಗೆ ಓಡುತ್ತಿತ್ತು. ಡಾಕ್ಟರು ಒಂದು ಮಾತ್ರೆ ಕೊಟ್ಟರು. ಎದೆಯ ಓಟ ನಿಂತಿತು. ಆದರೆ ಕೈ ತಣ್ಣಗಾಗತೊಡಗಿತು, ಕಾಲು ಭಾರವಾಯಿತು. ದರ್ಜಿಗೆ ಬೆರಳ ತುದಿಯೇ ಕಣ್ಣು. ಆ ತುದಿ ಮರಗಟ್ಟಿದರೆ ಬಟ್ಟೆಯ ನೂಲು ಉದ್ದವೋ ಅಡ್ಡವೋ ತಿಳಿಯುವುದಿಲ್ಲ. ಅಪ್ಪ ಒಂದು ಜೇಬನ್ನು ಮೂರು ಸಲ ಬಿಚ್ಚಿ ಹೊಲಿದರು. ದಾರಕ್ಕೆ ಬೈದರು, ಸೂಜಿಗೆ ಬೈದರು, ಬೆಳಕು ಸಾಲದು ಎಂದು ಕಿಟಕಿಗೂ ಬೈದರು. ಡಾಕ್ಟರ ಮುಂದೆ ಮಾತ್ರ ಪ್ರತಿ ಸಲವೂ ಒಂದೇ ಮಾತು: “ಚೆನ್ನಾಗಿದೀನಿ ಸಾರ್.”

ಕೊನೆಗೆ ಅಮ್ಮ ಜೊತೆಗೆ ಹೋಗಿ ಎಲ್ಲ ಹೇಳಿದಳು. ಡಾಕ್ಟರು ಮಾತ್ರೆ ಬದಲಿಸಿ ಒಂದು ಚೀಟಿ ಬರೆದರು. ಔಷಧಿ ಕೊಡುವ ಕಿಟಕಿಯಲ್ಲಿ ಹಳೆಯದನ್ನೂ ಹೊಸದನ್ನೂ ಒಂದೇ ಚೀಲಕ್ಕೆ ಹಾಕಿ, “ಎದೆದು, ತಗೊಳ್ಳಿ” ಎಂದು ಮುಂದಿನವರನ್ನು ಕರೆದರು. ಅಪ್ಪ ಅಂಗಡಿಗೆ ಬಂದು ಚೀಟಿಯನ್ನು ಅಳತೆ ಪುಸ್ತಕದೊಳಗೆ ಇಟ್ಟರು. ತಣ್ಣಗಿನ ಬೆರಳಿಗೆ ಸ್ಟ್ರಿಪ್ ಹಾಳೆ ಒತ್ತಿ ಮಾತ್ರೆ ತೆಗೆಯುವುದು ಕಷ್ಟವಾಗುತ್ತಿತ್ತಲ್ಲ, ಎಲ್ಲವನ್ನೂ ಒಂದೇ ಸಲಕ್ಕೆ ಬಿಡಿಸಿ ಗುಂಡಿ ಡಬ್ಬಿಗೆ ಸುರಿದರು. ಖಾಲಿ ಹಾಳೆಗಳು ಕತ್ತರಿಸಿದ ಚಿಂದಿಯ ಜೊತೆ ಕಸಕ್ಕೆ ಹೋದವು.

ಗೆರೆ ಇಲ್ಲದ ಮಾತ್ರೆಯನ್ನು ನಾನು ನೋಡಿದ ನಾಲ್ಕನೇ ದಿನ ಮಧ್ಯಾಹ್ನ, ಅಪ್ಪ ಪ್ಯಾಂಟಿನ ಬಟ್ಟೆ ಹಾಸಿಕೊಂಡು ಕತ್ತರಿಸುತ್ತಿದ್ದರು. ಕತ್ತರಿಯ ಸದ್ದು ನಡುವೆಯೇ ನಿಂತಿತು. ತಲೆ ಎತ್ತಿದರೆ ಅಪ್ಪನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೇಜಿನ ಅಂಚು ಹಿಡಿಯಲು ಹೋದರು, ಸಿಗಲಿಲ್ಲ. ಕೈಜಾರಿ ನೆಲಕ್ಕೆ ಬಿದ್ದಿದ್ದ ತೆರೆದ ಕತ್ತರಿಯ ಪಕ್ಕದಲ್ಲೇ ಬಿದ್ದರು. ಒಂದು ಗೇಣು ಆಚೆ ಬಿದ್ದಿದ್ದರೆ ಏನಾಗುತ್ತಿತ್ತೋ.

ಅಮ್ಮ ಕೂಗಿಕೊಂಡಳು. ಅಪ್ಪ ಕಣ್ಣು ಬಿಟ್ಟು ಎದ್ದು ಕೂರಲು ನೋಡಿದರು. “ಏಳಬೇಡಿ, ಮಲಗಿ,” ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. ಮಣಿಕಟ್ಟಿನ ಮೇಲೆ ಬೆರಳಿಟ್ಟು ಗೋಡೆಯ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದೆ. ಮೂವತ್ತಾರು. ಅರವತ್ತರ ಆಸುಪಾಸು ಇರಬೇಕಾದದ್ದು.

ಎಣಿಸುವುದನ್ನು ನನಗೆ ಕಲಿಸಿದವರು ನರ್ಸಕ್ಕ. ಎರಡು ಬೀದಿ ಆಚೆಯ ಆಸ್ಪತ್ರೆಯಲ್ಲಿ ಕೆಲಸ. ಯೂನಿಫಾರ್ಮ್ ಹೊಲಿಸಲು ಬಂದಾಗ ನಾನು ಅವರ ಅಳತೆ ತೆಗೆಯುತ್ತೇನೆ, ಅವರು ನನ್ನ ಕೈಲಿ ಅಪ್ಪನ ನಾಡಿ ಹಿಡಿಸುತ್ತಾರೆ. ಫೋನ್ ಮಾಡಿ ಸಂಖ್ಯೆ ಹೇಳಿದೆ.

“ಮೂವತ್ತಾರಾ? ಇನ್ನೊಂದು ಮಾತ್ರೆನೂ ಕೊಡಬೇಡ. ಆಂಬುಲೆನ್ಸ್ ಕಳಿಸ್ತೀನಿ. ಮನೇಲಿರೋ ಮಾತ್ರೆ ಎಲ್ಲ ಹಿಡ್ಕೊಂಡು ಬಾ.”

ನಾನು ಗುಂಡಿ ಡಬ್ಬಿಯನ್ನೇ ಎತ್ತಿಕೊಂಡು ಹೋದೆ.

ಆಸ್ಪತ್ರೆಯಲ್ಲಿ ಅಪ್ಪನ ಎದೆಗೆ ವೈರು ಅಂಟಿಸಿ, ಕೈಗೆ ಸೂಜಿ ಹಾಕಿ ಮಲಗಿಸಿದರು. ಮೂರನೇ ದಿನಕ್ಕೆ ನಾಡಿ ಅರವತ್ತಕ್ಕೆ ಬಂತು. ಆಗ ಅಲ್ಲಿಯವರೆಗೂ ಹಲ್ಲು ಕಚ್ಚಿಕೊಂಡಿದ್ದ ಅಮ್ಮ ಬಾಯಿ ಬಿಟ್ಟಳು.

“ಡಾಕ್ಟರ ಎದುರಿಗೆ ಚೆನ್ನಾಗಿದೀನಿ ಸಾರ್. ಮನೆಗೆ ಬಂದ್ರೆ ನಮ್ಮ ಮೇಲೆ ಹಾರಾಟ. ಏನ್ರೀ ನಿಮ್ಮ ದೊಡ್ಡಸ್ತಿಕೆ? ಮಗಳು ಬೇರೆ ಥರ ಇದೆ ಅಂದ್ಲು, ಅವಳ ಬಾಯಿ ಮುಚ್ಚಿಸಿದ್ರಿ.”

“ನಿಧಾನ ಮಾತಾಡು, ಪಕ್ಕದ ಮಂಚದವರು ಕೇಳ್ತಾರೆ.”

“ಕೇಳಲಿ. ಅವರ ಪ್ಯಾಂಟೂ ನೀವೇ ಹೊಲಿದಿರೋದು.”

ಪಕ್ಕದ ಮಂಚದವರು ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು.

“ನನ್ನ ಕೈ ನಡೀತಿಲ್ಲ ಅಂತ ಹೇಳಿಕೊಂಡು ತಿರುಗ್ಲಾ?” ಅಪ್ಪನ ದನಿಯೂ ಏರಿತು. “ಕೈ ನಡೆಯದ ದರ್ಜಿ ಹತ್ರ ಯಾರು ಬಟ್ಟೆ ಬಿಡ್ತಾರೆ? ಆ ಕೈ ಹೋದ್ರೆ ನಾನು ಯಾತಕ್ಕೆ ಬೇಕು?”

ಅಷ್ಟರಲ್ಲಿ ಅತ್ತೆ ಬಂದರು. ಅಪ್ಪನ ತಂಗಿ. ಬಂದವರೇ ಗುಂಡಿ ಡಬ್ಬಿ ನೋಡಿ ಉರಿದುಬಿದ್ದರು. “ಎಲ್ಲ ಈ ಮಾತ್ರೆಗಳದ್ದೇ ಕಿತಾಪತಿ ಅಣ್ಣ. ಚರಂಡಿಗೆ ಸುರಿದು ಕೈ ತೊಳ್ಕೋ. ನಾನು ನೋಡು, ಒಂದು ಮಾತ್ರೆ ಮುಟ್ಟಿಲ್ಲ, ಕಲ್ಲಿನ ಹಾಗಿದೀನಿ.”

“ನಾಲಿಗೆ ಮಾತ್ರ ಕಲ್ಲಿನ ಹಾಗಿಲ್ಲ,” ಎಂದಳು ಅಮ್ಮ.

ಬಾಗಿಲಲ್ಲಿ ನಿಂತಿದ್ದ ನರ್ಸಕ್ಕ ಒಳಗೆ ಬಂದರು. ಡಬ್ಬಿಯಿಂದ ಎರಡು ಮಾತ್ರೆ ಎತ್ತಿ ಅಪ್ಪನ ಅಂಗೈ ಮೇಲೆ ಇಟ್ಟರು.

“ಮಾಸ್ಟರೇ, ಗೆರೆ ಇರೋದು ಹಳೇದು. ಇಲ್ಲದ್ದು ಹೊಸದು. ಎರಡೂ ಎದೆಬಡಿತ ನಿಧಾನ ಮಾಡೋವೇ. ಒಂದರ ಜಾಗಕ್ಕೆ ಇನ್ನೊಂದು ಬರಬೇಕಿತ್ತು. ನೀವು ಎರಡನ್ನೂ ಒಟ್ಟಿಗೆ ನುಂಗಿದ್ರಿ. ಎದೆ ನಿಂತೇ ಹೋಗಬಹುದಿತ್ತು.”

“ಯಾರೂ ಹೇಳಲಿಲ್ಲವಲ್ಲ.”

“ಡಾಕ್ಟರು ಬರೆದಿದ್ರು. ಚೀಟಿ ಎಲ್ಲಿ?”

ಅಳತೆ ಪುಸ್ತಕದಿಂದ ಚೀಟಿ ತಂದು ನಾನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ನರ್ಸಕ್ಕ ಅದನ್ನು ತೆಗೆಸಿ, ನೀನೇ ಓದು ಎಂದರು. ಓದಿದೆ. ಹಳೆಯದನ್ನು ಒಂದು ವಾರ ಅರ್ಧ. ಆಮೇಲೆ ನಿಲ್ಲಿಸಿ ಬಂದು ನಾಡಿ ತೋರಿಸುವುದು. ಆಮೇಲೆ ಹೊಸದು. ಏಳನೇ ತರಗತಿಯ ಓದು ಅದಕ್ಕೆ ಸಾಕಿತ್ತು. ಯಾರೂ ಓದು ಎಂದಿರಲಿಲ್ಲ, ನಾನೂ ಕೇಳಿರಲಿಲ್ಲ.

“ನೋಡಿದ್ರಾ, ಆಸ್ಪತ್ರೆ ತಪ್ಪೇನಿಲ್ಲ ಅಂತ ಹೇಳೋಕೆ ಬಂದ್ರು,” ಎಂದರು ಅತ್ತೆ.

“ಇದೆ, ನಮ್ಮದೂ ತಪ್ಪಿದೆ,” ನರ್ಸಕ್ಕನ ಮುಖ ಕೆಂಪಾಗಿತ್ತು. “ಎರಡನ್ನೂ ಒಂದೇ ಚೀಲಕ್ಕೆ ಹಾಕಿ, ಒಂದು ಮಾತು ಹೇಳದೆ ಕಳಿಸಿದಾರಲ್ಲ, ಬೆಳಿಗ್ಗೆ ಕಿಟಕಿಲಿ ಕೂತೋರ ಜೊತೆ ಜಗಳ ಮಾಡಿಕೊಂಡೇ ಬಂದಿದೀನಿ. ಇನ್ನು ಮೇಲೆ ಬೇರೆ ಬೇರೆ ಚೀಲ, ಮೇಲೆ ದೊಡ್ಡದಾಗಿ ಬರೆದು ಕೊಡಬೇಕು ಅಂತ ಆಗಿದೆ. ಆದರೆ ನೀವು ಈಗ ನಿಮ್ಮಣ್ಣನಿಗೆ ಹೇಳಿದ್ರಲ್ಲ, ಚರಂಡಿಗೆ ಸುರೀರಿ ಅಂತ? ಅದು ಇನ್ನೂ ಕೆಟ್ಟ ಸಲಹೆ. ಈ ಗೆರೆ ಮಾತ್ರೆನ ದಿನಾ ತಗೊಳ್ಳೋರು ಒಂದು ದಿನ ಗಕ್ಕನೆ ಬಿಟ್ರೆ, ಅದುಮಿಟ್ಟ ಎದೆಬಡಿತ ಒಮ್ಮೆಗೇ ಓಡೋಕೆ ಶುರು ಮಾಡತ್ತೆ. ಎದೆನೋವು ಬಂದು ಪ್ರಾಣಕ್ಕೇ ಕುತ್ತಾಗಬಹುದು. ಅದಕ್ಕೇ ಅರ್ಧ ಮಾಡಿ ನಿಧಾನ ಇಳಿಸೋದು.”

“ಹಾಗಾದ್ರೆ ಈಗ ನಿಲ್ಲಿಸಿಬಿಟ್ಟಿದೀರಲ್ಲ?” ಅತ್ತೆ ಬಿಡುವವರಲ್ಲ.

“ಇಲ್ಲಿ ಎದೆಗೆ ವೈರು ಹಾಕ್ಕೊಂಡು ಹಗಲೂ ರಾತ್ರಿ ನೋಡ್ತಿದೀವಿ. ನಿಮ್ಮ ಮನೇಲಿ ಯಾರು ನೋಡ್ತಾರೆ?”

ಅತ್ತೆ ಸೆರಗು ಸರಿಮಾಡಿಕೊಂಡರು.

ಅಪ್ಪ ಅಂಗೈ ಮೇಲಿನ ಎರಡು ಮಾತ್ರೆಗಳನ್ನೇ ನೋಡುತ್ತಿದ್ದರು. “ಗುಂಡಿ ಅದಲು ಬದಲಾದ್ರೆ ಅಂಗಿ ಸೊಟ್ಟಗಾಗತ್ತೆ ಅಷ್ಟೇ,” ಎಂದರು ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿ, “ನೀನು ಹೇಳಿದ್ದೆ,” ಎಂದರು. ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು.

“ಒಂದು ಸಲ ಹೇಳಿದೆ. ಹತ್ತು ಸಲ ಹೇಳಬೇಕಿತ್ತು,” ಎಂದೆ.

ಡಾಕ್ಟರು ಹೊಸ ಮಾತ್ರೆಯನ್ನು ಮಾತ್ರ ಸಣ್ಣ ಪ್ರಮಾಣದಲ್ಲಿ ಶುರು ಮಾಡಿ ಮನೆಗೆ ಕಳಿಸಿದರು. ಗುಂಡಿ ಡಬ್ಬಿಯ ಕೊನೆಯ ಮನೆಯಲ್ಲಿ ಈಗ ಕೊಕ್ಕೆಗಳಿವೆ. ಮಾತ್ರೆಗಳು ತಮ್ಮ ಹಾಳೆಯಲ್ಲೇ ಬೇರೆ ಡಬ್ಬಿಯಲ್ಲಿವೆ. ಉಳಿದ ಹಳೆಯ ಮಾತ್ರೆಗಳನ್ನು ಆಸ್ಪತ್ರೆಗೇ ಹಿಂದಿರುಗಿಸಿದೆವು. ಡಾಕ್ಟರು ಬರೆದ ಹೊಸ ಚೀಟಿ ಕನ್ನಡಿಯ ಪಕ್ಕ ಗೋಡೆಗೆ ಅಂಟಿದೆ, ಟ್ರಯಲ್ ನೋಡಲು ಬಂದವರೆಲ್ಲ ಓದಿಕೊಂಡು ಹೋಗುತ್ತಾರೆ. ದಿನಾ ಬೆಳಿಗ್ಗೆ ಮಾತ್ರೆಗೆ ಮೊದಲು ಅಪ್ಪ ತಾವಾಗಿ ಕೈ ಚಾಚುತ್ತಾರೆ, ನಾನು ನಾಡಿ ಎಣಿಸಿ ಬರೆದಿಡುತ್ತೇನೆ. ಐವತ್ತಕ್ಕಿಂತ ಕೆಳಗೆ ಬಂದರೆ ಮಾತ್ರೆ ನುಂಗುವ ಮೊದಲು ಫೋನ್ ಮಾಡಬೇಕು ಎಂದು ಡಾಕ್ಟರು ಅಪ್ಪನಿಗೆ ಹೇಳಿದ್ದಾರೆ.

ಅಪ್ಪನಿಗೆ ಔಷಧಿಯ ಹೆಸರನ್ನೂ ಕಲಿಸಿದೆ. ಹಳೆಯದು ಮೆಟೊಪ್ರೊಲಾಲ್, ಹೊಸದು ಡಿಲ್ಟಿಯಾಜೆಮ್. “ದೂರದ ಸಂಬಂಧಿಕರ ಹೆಸರಿದ್ದ ಹಾಗಿದೆ,” ಎಂದು ಗೊಣಗಿದರು. ಮೂರು ದಿನ ತಪ್ಪಾಗಿ ಹೇಳಿದರು. ನಾಲ್ಕನೇ ದಿನ ಸರಿಯಾಗಿ ಹೇಳಿ, ಅಮ್ಮ ಕೇಳಿಸಿಕೊಂಡಳೋ ಇಲ್ಲವೋ ಎಂದು ನೋಡಿದರು.

ಹೊಸದಕ್ಕೂ ಅದರದ್ದೇ ಕಾಟ ಇತ್ತು. ಬೆರಳು ಬೆಚ್ಚಗಾದವು, ಸೂಜಿ ಮಾತು ಕೇಳತೊಡಗಿತು. ಆದರೆ ಪಾದ ಊದಿಕೊಂಡು ಸಂಜೆ ಹೊತ್ತಿಗೆ ಚಪ್ಪಲಿ ಬಿಗಿಯುತ್ತಿತ್ತು, ಹೊಟ್ಟೆ ಕಟ್ಟಿಕೊಳ್ಳುತ್ತಿತ್ತು. ಹಿಂದಿನ ಅಪ್ಪನಾಗಿದ್ದರೆ ಮಾತ್ರೆ ಬಿಟ್ಟು ಚಪ್ಪಲಿಗೆ ಬೈಯುತ್ತಿದ್ದರು. ಈ ಸಲ ಕಾಲು ಎತ್ತಿ ನರ್ಸಕ್ಕನ ಮುಂದೆ ಇಟ್ಟರು.

“ನೋಡಿ, ಹೇಳ್ತಿದೀನಿ. ಚೆನ್ನಾಗಿಲ್ಲ.”

“ಹೀಗೆ ಹೇಳೋಕೆ ಆರು ತಿಂಗಳು ಬೇಕಾಯ್ತಾ ಮಾಸ್ಟರೇ?” ನರ್ಸಕ್ಕ ಅವತ್ತೇ ಡಾಕ್ಟರಿಗೆ ತೋರಿಸಿದರು. ಪ್ರಮಾಣ ಸ್ವಲ್ಪ ಬದಲಾಯಿತು. ಗಂಟೆಗೊಮ್ಮೆ ಮಷೀನು ಬಿಟ್ಟು ಎದ್ದು ನಡೆಯಿರಿ, ಊಟದಲ್ಲಿ ಸೊಪ್ಪು ತರಕಾರಿ ಹೆಚ್ಚಿಸಿ, ಮಲಗಿದ್ದಾಗ ದಡಕ್ಕನೆ ಏಳಬೇಡಿ ಎಂದರು. ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ, ಎದೆನೋವು ಬಂದರೆ ಮಾತ್ರ ಕಾಯದೆ ಆಸ್ಪತ್ರೆಗೆ ಓಡಿ ಬರಬೇಕು.

ಮೊನ್ನೆ ಒಬ್ಬ ಹಿರಿಯರು ಕೋಟಿನ ಒಳಪದರ ಬದಲಿಸಲು ಕೊಟ್ಟರು. ಬಿಚ್ಚುವ ಮೊದಲು ಜೇಬು ನೋಡುವುದು ನಮ್ಮ ವಾಡಿಕೆ. ಒಳಜೇಬಿನಲ್ಲಿ ಬರಿಯ ಮಾತ್ರೆಗಳಿದ್ದವು, ಹಾಳೆಯಿಲ್ಲ, ಚೀಟಿಯಿಲ್ಲ, ಕೆಲವಕ್ಕೆ ಗೆರೆ, ಕೆಲವಕ್ಕೆ ಇಲ್ಲ. ಅಪ್ಪ ಅಷ್ಟನ್ನೂ ಮೇಜಿನ ಮೇಲೆ ಸುರಿದರು.

“ಎದೆದಾ?”

“ಹೌದು, ಎದೆದೇ. ಎಲ್ಲ ಒಂದೇ ಬಿಡಿ ಮಾಸ್ಟರೇ.”

“ಒಂದೇ ಅಲ್ಲ. ಒಂದೇ ಅಂದ್ಕೊಂಡು ಈ ಮೇಜಿನ ಕೆಳಗೆ ಬಿದ್ದಿದ್ದೆ ನಾನು. ಕೂತ್ಕೊಳ್ಳಿ. ಇವುಗಳ ಹೆಸರು ಹೇಳಿ, ಆಮೇಲೆ ಕೋಟು ಹೊಲೀತೀನಿ.”

ಹಿರಿಯರು ಕೂತರು. ಮಾತ್ರೆಗಳನ್ನು ನೋಡಿದರು. ಕೋಟನ್ನು ನೋಡಿದರು. “ಗೊತ್ತಿಲ್ಲ ಮಾಸ್ಟರೇ,” ಎಂದರು. ಅಪ್ಪ ಚಪ್ಪಲಿ ಮೆಟ್ಟಿ ಅವರನ್ನು ತಾವೇ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಎದೆಬಡಿತದ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ, ನೀವಾಗಿಯೇ ಸೇರಿಸಬೇಡಿ. ಮಾತ್ರೆ ಬದಲಾದ ದಿನ, ಹಳೆಯದನ್ನು ಯಾವತ್ತು ಹೇಗೆ ನಿಲ್ಲಿಸಬೇಕು, ಹೊಸದನ್ನು ಯಾವತ್ತು ಶುರು ಮಾಡಬೇಕು ಎಂದು ಕೇಳಿ ತಿಳಿದುಕೊಳ್ಳದೆ ಕಿಟಕಿ ಬಿಟ್ಟು ಅಲ್ಲಾಡಬೇಡಿ. ಹಿಂದೆ ನಿಂತವರು ಗೊಣಗಲಿ. ಕೈ ತಣ್ಣಗಾದರೆ, ಕಾಲು ಊದಿದರೆ ಡಾಕ್ಟರಿಗೆ ಹೇಳಿ, ಅದು ಮರ್ಯಾದೆಗೇಡಲ್ಲ. ಮನೆಯಲ್ಲಿ ನೋಡಿಯೂ ಸುಮ್ಮನಿರುವ ನನ್ನಂಥವಳು ಒಬ್ಬಳಿದ್ದರೆ, ಅವಳ ಬಾಯಿ ಮುಚ್ಚಿಸಬೇಡಿ.

ಅಪ್ಪ ಆ ಹಿರಿಯರನ್ನು ಕೇಳಿದ್ದನ್ನೇ ನಿಮ್ಮನ್ನೂ ಕೇಳುತ್ತೇನೆ. ಇವತ್ತು ಬೆಳಿಗ್ಗೆ ನೀವು ನುಂಗಿದ ಮಾತ್ರೆಯ ಹೆಸರು ಹೇಳಿ.